ಮರಿಗೆ ವಯಸ್ಸು ಸಾಲದು

ಮಗಳಿಗೆ ನಾಯಿಮರಿ ಯಾಕೆ ತಂದಿರಿ ಅಂತ ಕೇಳಿದವರಿಗೆಲ್ಲ ನಮ್ಮೆಜಮಾನರು ಹೇಳೋದು ಒಂದೇ, ಅವಳಿಗೆ ಚಿಕ್ಕಂದಿನಿಂದ ಆಸೆ ಅಂತ. ಚಿಕ್ಕಂದಿನಲ್ಲಿ ಆಸೆ ಇದ್ದದ್ದು ನಿಜ. ಆಗ ಕಾರ್ಪೆಟ್ ಹಾಳಾಗುತ್ತೆ ಅಂತ ಬೇಡ ಅಂದವರೂ ಇವರೇ.

ಈಗ ತಂದ ಕಾರಣ ಬೇರೆ. ಬರೋ ಫೆಬ್ರವರಿಗೆ ಅವಳಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಅಪ್ಪನ ಕೆಲಸದ ವೀಸಾ ನೆರಳಲ್ಲಿ ಬಂದ ಮಕ್ಕಳು ಇಪ್ಪತ್ತೊಂದು ತುಂಬಿದ ದಿನ ಆ ವೀಸಾದಿಂದ ಹೊರಗೆ. ಆರು ವರ್ಷದವಳಾಗಿ ಬೆಂಗಳೂರಿಂದ ಅಮೆರಿಕಕ್ಕೆ ಬಂದಳು, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಸ್ಕೂಲಲ್ಲೇ ಓದಿದಳು, ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಲ್ಲಿ ಉತ್ತರ ಕೊಡೋ ಹಾಗೆ ಬೆಳೆದಳು. ಅದೆಲ್ಲ ಯಾರಿಗೂ ಲೆಕ್ಕಕ್ಕಿಲ್ಲ. ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತು ನಮ್ಮಿಬ್ಬರ ತಲೆ ಬೆಳ್ಳಗಾಯಿತೇ ಹೊರತು ಕ್ಯೂ ಕರಗಲಿಲ್ಲ. ಫೆಬ್ರವರಿ ಒಳಗೆ ಸ್ಟೂಡೆಂಟ್ ವೀಸಾ ಸಿಕ್ಕಿದರೆ ಓದು ಮುಗಿಯೋ ತನಕ ಇರಬಹುದು, ಇಲ್ಲದಿದ್ದರೆ ನೆನಪೇ ಇಲ್ಲದ ಬೆಂಗಳೂರಿಗೆ ವಾಪಸ್. ಮಗಳಿಗೆ ಇರೋಕೆ ಜಾಗ ಮಾಡಿಕೊಡೋಕಾಗದ ಅಪ್ಪ ನಾಯಿ ಕೊಡಿಸಿದರು.

ಅದನ್ನ ತರೋಕೆ ಡಲ್ಲಾಸ್‌ಗೇ ಹೋಗಬೇಕಿತ್ತಂತೆ. ಆಸ್ಟಿನ್‌ನಲ್ಲಿ ನಾಯಿಗಳಿಗೆ ಬರ ಬಂದಿತ್ತು ನೋಡಿ. ಮಾರೋ ಹೆಂಗಸಿನ ಮುಂದೆ ಕೂತು, ಕೆಲಸಕ್ಕೆ ಇಂಟರ್‌ವ್ಯೂ ಮಾಡೋ ಹಾಗೆ ಮರಿಯ ಅಪ್ಪ ಅಮ್ಮನ ಬಗ್ಗೆ ಮುಕ್ಕಾಲು ಗಂಟೆ ವಿಚಾರಿಸಿದರು. ಅಷ್ಟೆಲ್ಲ ವಿಚಾರಿಸಿ ತಂದ ಮರಿ ದಾರಿಯಲ್ಲಿ ವೇಕೋ ಊರು ದಾಟುವಷ್ಟರಲ್ಲಿ ಅವರ ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಸುಸ್ಸು ಮಾಡಿತು. ನನಗಂತೂ ಅವತ್ತೇ ಮರಿ ಇಷ್ಟವಾಯಿತು.

ಅವತ್ತಿಂದ ಇವರಿಗೆ ಒಂದು ಜೋಕು ಅಂಟಿಕೊಂಡಿತು. ಯಾರ ಮನೆಗೆ ಹೋಗಲಿ, ಯಾರು ಬರಲಿ, "ನಮ್ಮನೇಲಿ ಇವನೊಬ್ಬನೇ ಅಮೆರಿಕನ್ ಸಿಟಿಜನ್ ನೋಡಿ" ಅಂತ ಶುರು. ಬಂದವರು ಮರ್ಯಾದೆಗೆ ನಗೋರು. ಮಗಳು ಮೊದಲೆರಡು ಸಲ ನಕ್ಕಳು, ಆಮೇಲೆ ಮರಿ ಎತ್ತಿಕೊಂಡು ರೂಮಿಗೆ ಹೋಗೋಕೆ ಶುರು ಮಾಡಿದಳು. ಇವರ ಕಣ್ಣಿಗೆ ಅದು ಬೀಳಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ, ನವೆಂಬರ್ ಕೊನೆಗೆ, ಮೆಕ್ಸಿಕೋಗೆ ಹೋಗೋಣ ಅಂತ ಹೊರಟಿದ್ದೂ ಇವರೇ. ಮೂವರೂ ಒಂದೇ ವೀಸಾದಲ್ಲಿ ಮಾಡೋ ಕಡೇ ಟ್ರಿಪ್, ಮಾಂಟೆರೆವರೆಗೂ ಕಾರಲ್ಲೇ ಹೋಗಿಬರೋಣ ಅಂದರು. ಮರಿ ಬಂದರೆ ಮಾತ್ರ ಬರ್ತೀನಿ ಅಂದಳು ಮಗಳು. ಸರಿ, ಮರಿನೂ ಹೊರಟಿತು.

ಇನ್ನು ಇವರ ಫೈಲಿನ ಪುರಾಣ. ಹದಿನೈದು ವರ್ಷದಿಂದ ವೀಸಾ ಕಾಗದಗಳನ್ನ ಬಣ್ಣಬಣ್ಣದ ಚೀಟಿ ಅಂಟಿಸಿ ಇಟ್ಟಿರೋ ಮನುಷ್ಯ. ನಮ್ಮ ಮದುವೆ ಫೋಟೋ ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ, ಮದುವೆ ಸರ್ಟಿಫಿಕೇಟು ಮಾತ್ರ ಮೂರು ಕಾಪಿ ರೆಡಿ. ನಾವು ಮೂವರು ವಾಪಸ್ ಬರೋಕೆ ಏನೇನು ಬೇಕು ಅಂತ ಒಂದು ವಾರ ಕೂತು ಓದಿದರು. "ರೀ, ಮರಿಗೆ ಏನು ಬೇಕು ಅಂತ ನೋಡಿದ್ರಾ?" ಅಂತ ನಾನು ಕೇಳಿದೆ.

"ಅದಕ್ಕೇನೇ? ಇಲ್ಲೇ ಹುಟ್ಟಿದ್ದು," ಅಂದರು.

ಆದರೂ ನನ್ನ ಬಾಯಿ ಮುಚ್ಚಿಸೋಕೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಅಂಕಲ್‌ನ ಕೇಳಿದರು. ಈ ಅಂಕಲ್ ಮೂವತ್ತು ವರ್ಷದ ಹಿಂದೆ ಧಾರವಾಡದಿಂದ ಬಂದವರು, ಸಿಟಿಜನ್ ಆಗಿ ಬಹಳ ವರ್ಷವಾಗಿದೆ, ಈ ದೇಶದಲ್ಲಿ ಅವರಿಗೆ ಗೊತ್ತಿಲ್ಲದ ರೂಲ್ ಇಲ್ಲ. ಆ ತಿಂಗಳು ಹ್ಯೂಸ್ಟನ್‌ಗೆ ಹೋದಾಗ ನಮ್ಮನ್ನ ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟ್‌ಗೆ ದೋಸೆ ತಿನ್ನೋಕೆ ಕರೆದುಕೊಂಡು ಹೋದರು. ಚಟ್ನಿ ನೆಕ್ಕುತ್ತಾ, "ಅಮೆರಿಕನ್ ನಾಯಿ ಐತ್ರಿ ಅದು, ಯಾರ್ ಕೇಳ್ತಾರ? ನಮ್ಮ ನಾಯಿ ನಾಕ್ ಸಲ ಹೋಗಿ ಬಂದೈತಿ, ಒಬ್ರೂ ಮೂಸಿ ನೋಡಿಲ್ಲ," ಅಂದರು. ಅವರ ನಾಯಿ ಸತ್ತು ಎಂಟು ವರ್ಷ ಆಗಿತ್ತು. ಇವರು ಮಾತ್ರ ವೇದವಾಕ್ಯ ಕೇಳಿದ ಹಾಗೆ ತಲೆಯಾಡಿಸಿದರು. ಲಸಿಕೆ ಹಾಕಿಸೋಕೆ ಹೋದಾಗ ನಾಯಿ ಡಾಕ್ಟರು, ಗಡಿಯ ರೂಲ್ಸ್ ಈಚೆಗೆ ಬದಲಾಗಿದೆ, ಒಂದು ಸಲ ನೋಡಿಕೊಳ್ಳಿ ಅಂದಿದ್ದಳು. ಅವಳು ಬರೀ ಡಾಕ್ಟರು, ಅಂಕಲ್ ಅಲ್ಲವಲ್ಲ. ಕಿವಿ ಮೇಲೇ ಹಾಕಿಕೊಳ್ಳಲಿಲ್ಲ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಮಾಂಟೆರೆಯಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ನಾಲ್ಕು ದಿನ ಇದ್ದೆವು. ಬೆಟ್ಟ ನೋಡಿದೆವು, ಮರಿ ಇವರ ಒಂದು ಚಪ್ಪಲಿ ತಿಂದಿತು, ಮಗಳು ಬಹಳ ತಿಂಗಳ ಮೇಲೆ ಬಾಯಿತುಂಬ ನಕ್ಕಳು. ಅಷ್ಟರ ಮಟ್ಟಿಗೆ ಟ್ರಿಪ್ ಸಾರ್ಥಕ ಅಂತ ನಾನೂ ಒಪ್ಪಿಕೊಳ್ತೀನಿ.

ವಾಪಸ್ ಬರುವಾಗ ಗಡಿಯ ಲರೇಡೋ ಸೇತುವೆ ಮೇಲೆ ಎರಡು ಗಂಟೆ ಕ್ಯೂ. ಇವರು ಫೈಲನ್ನ ತೊಡೆ ಮೇಲೆ ಇಟ್ಟುಕೊಂಡು ರೆಡಿಯಾಗಿ ಕೂತಿದ್ದರು. ಆಫೀಸರ್ ನಮ್ಮ ಪಾಸ್‌ಪೋರ್ಟ್ ನೋಡಿ ಪಕ್ಕಕ್ಕಿಟ್ಟು, ನಾಯಿಗೆ ಎಷ್ಟು ತಿಂಗಳು ಅಂತ ಕೇಳಿದ.

"ಐದೂವರೆ," ಅಂದರು ಇವರು, ಮಗ ಕ್ಲಾಸಿಗೆ ಫಸ್ಟ್ ಬಂದ ಅನ್ನೋ ಧಾಟಿಯಲ್ಲಿ.

ಆರು ತಿಂಗಳು ತುಂಬದ ನಾಯಿ ದೇಶದೊಳಗೆ ಬರೋ ಹಾಗಿಲ್ಲ ಅಂದ ಆಫೀಸರ್. ಇವರು ನಕ್ಕರು, ಅವನು ನಗಲಿಲ್ಲ. ಇದು ಡಲ್ಲಾಸ್‌ನಲ್ಲಿ ಹುಟ್ಟಿದ್ದು ಅಂದರು. ಎಲ್ಲಿ ಹುಟ್ಟಿದರೂ ಅಷ್ಟೇ ಅಂದ. ಫೈಲ್ ಬಿಚ್ಚಿ ಲಸಿಕೆ ಕಾಗದ, ಮರಿಯ ಮೈಯೊಳಗಿನ ಚಿಪ್ ನಂಬರು, ಮರಿ ಕೊಂಡ ರಸೀದಿ ಎಲ್ಲ ಹರಡಿದರು. ನಡುವೆ ನಮ್ಮ ಮದುವೆ ಸರ್ಟಿಫಿಕೇಟೂ ಹೋಯಿತು. ಪಾಪ, ಆಫೀಸರ್ ಎಲ್ಲ ನೋಡಿದ. ಕೊನೆಗೆ ಬಗ್ಗಿ ಹಿಂದಿನ ಸೀಟಲ್ಲಿದ್ದ ಮಗಳನ್ನ ನೋಡಿ, ಸಮಾಧಾನ ಮಾಡೋ ದನಿಯಲ್ಲಿ ಹೇಳಿದ: ನಿನ್ನ ಮರಿದು ಏನೂ ತಪ್ಪಿಲ್ಲ, ಇನ್ನು ಸ್ವಲ್ಪ ದೊಡ್ಡವನಾಗಲಿ, ಕರೆದುಕೊಂಡು ಬಾ, ಬಿಡ್ತೀವಿ.

ಕಾರು ತಿರುಗಿಸಿದೆವು. ಮಗಳು ಮರಿಯ ಎರಡು ಕಿವಿನೂ ಹಿಡಿದು, "ಯೂ ಜಸ್ಟ್ ಹ್ಯಾವ್ ಟು ಗ್ರೋ ಅಪ್," ಅಂದಳು. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಅದು ದೊಡ್ಡದಾದರೆ ಒಳಗೆ ಬಿಡ್ತಾರೆ, ಇವಳು ದೊಡ್ಡವಳಾಗಿದ್ದಕ್ಕೇ ಹೊರಗೆ ಹಾಕ್ತಿದಾರೆ. ಸಿಟಿಜನ್ ಜೋಕು ಅವತ್ತಿಗೆ ಸತ್ತಿತು.

ಯಾರಾದರೂ ಅಲ್ಲಿ ಉಳಿಯಬೇಕಿತ್ತು. ಇವರಿಗೆ ಸೋಮವಾರ ಮೀಟಿಂಗು, ಮಗಳಿಗೆ ಪರೀಕ್ಷೆ. ನಾನು ಮನೇಲಿ ಕೂತಿರೋಳು ತಾನೆ, ನನ್ನನ್ನ ಯಾರೂ ಕೇಳಲೇ ಇಲ್ಲ. ನನ್ನನ್ನೂ ಮರಿನೂ ಆ ಅಜ್ಜಿ ಮನೆ ಮಹಡಿಗೇ ವಾಪಸ್ ಬಿಟ್ಟು ಹೋದರು.

ಅಲ್ಲಿ ಹದಿನೇಳು ದಿನ ಇದ್ದೆ. ಅಜ್ಜಿಗೆ ಇಂಗ್ಲಿಷ್ ಬರದು, ನನಗೆ ಸ್ಪ್ಯಾನಿಷ್ ಬರದು, ಮರಿಗೆ ಯಾವುದೂ ಬರದು. ಹಾಗಾಗಿ ಇಡೀ ದಿನ ಕನ್ನಡದಲ್ಲೇ ಮಾತು. "ಬಾರೋ," "ಕೂತ್ಕೋ," "ಥೂ, ಬಿಡು ಅದನ್ನ" ಅನ್ನೋದಷ್ಟೂ ಕಲಿಯಿತು. ಶುಗರ್ ಲ್ಯಾಂಡ್ ಅಂಕಲ್ ಫೋನ್ ಮಾಡಿ, "ಆ ಆಫೀಸರಗ ರೂಲ್ ಗೊತ್ತಿಲ್ರೀ," ಅಂದರು. ಅವರಿಗೆ ಏನು ಹೇಳಿದೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ದಿನಾ ಸಂಜೆ ಮಗಳು ವಿಡಿಯೋ ಕಾಲ್ ಮಾಡಿ ಮರಿನ ನೋಡೋಳು. ಹಿಂದೆ ಟೇಬಲ್ ಮೇಲೆ ಸ್ಟೂಡೆಂಟ್ ವೀಸಾ ಅರ್ಜಿಯ ಕಾಪಿ ಹಾಗೇ ಬಿದ್ದಿರೋದು. ಏನಾಯ್ತೇ ಅಂದರೆ, "ಸ್ಟಿಲ್ ಪೆಂಡಿಂಗ್, ಅಮ್ಮ," ಅನ್ನೋಳು.

ಮರಿಗೆ ಆರು ತಿಂಗಳು ತುಂಬಿದ ಮಾರನೇ ದಿನ ಅಪ್ಪ ಮಗಳು ಇಬ್ಬರೂ ಬಂದರು. ಅದೇ ಸೇತುವೆ, ಬೇರೆ ಆಫೀಸರ್, ಈ ಸಲ ಹೆಂಗಸು. ಮರಿಯ ಚಿಪ್ ನೋಡಿದಳು, ಹುಟ್ಟಿದ ತಾರೀಖು ನೋಡಿದಳು, ಕಿಟಕಿಯಿಂದ ಕೈ ಹಾಕಿ ತಲೆ ಸವರಿ, "ವೆಲ್‌ಕಮ್ ಹೋಮ್, ಬೇಬಿ," ಅಂದಳು.

ಆಮೇಲೆ ಮಗಳ ಪಾಸ್‌ಪೋರ್ಟ್ ತೆಗೆದು ಹಿಂದೆ ಮುಂದೆ ತಿರುವಿದಳು. ಎಷ್ಟು ದಿನ ಇರ್ತೀಯ ಅಂತ ಕೇಳಿದಳು. ಇವರ ಕೈ ಫೈಲಿಗೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ.

"ಅಂಟಿಲ್ ಫೆಬ್ರವರಿ, ಮ್ಯಾಮ್," ಅಂದಳು ನನ್ನ ಮಗಳು.