ಕುಚ್ಚಲಕ್ಕಿಯ ವಿನಾಯಿತಿ

ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಗೋಣಿಚೀಲದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸೌದಿಯ ಹಫ್ರ್ ಅಲ್ ಬಾತಿನ್‌ನಲ್ಲಿ ನಮ್ಮ ಕ್ಯಾಂಪಿನ ಗೇಟಿನೆದುರು ಅಂಗಡಿ ಇಟ್ಟಿದ್ದ ಭಟ್ಕಳದ ಸಾಹೇಬರು ನೆನಪಾದರು...

ಎಂಬತ್ತರ ದಶಕದ ಮಾತು. ಕಂಪೆನಿ ಕೊಡುತ್ತಿದ್ದ ಊಟದ ಕೂಪನ್ ನಡೆಯುತ್ತಿದ್ದುದು ಮೆಸ್ಸಿನಲ್ಲಿ ಮಾತ್ರ. ಅಲ್ಲಿಯ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನದ ವಿರುದ್ಧ ಕರಾವಳಿಯ ಹೊಟ್ಟೆಗಳು ಅಸಹಕಾರ ಚಳವಳಿ ಹೂಡಿದ್ದವು. ಮಂಗಳೂರಿನವರಾದ ನಮ್ಮ ಫೋರ್‌ಮನ್, ರಿಯಾದಿನ ಹೆಡ್ಡಾಫೀಸೆಂಬ ಇಂದ್ರಸಭೆಗೆ ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿ, ನಮ್ಮ ಕ್ಯಾಂಪಿಗಷ್ಟೇ ಆ ನಿಯಮದಿಂದ ವಿನಾಯಿತಿ ತರಿಸಿದರು. ಇನ್ನು ಮುಂದೆ ಕೂಪನ್ ಕೊಟ್ಟು ಸಾಹೇಬರಲ್ಲಿ ಕುಚ್ಚಲಕ್ಕಿ, ಬೇಳೆ, ಒಣಮೀನು ಕೊಳ್ಳಬಹುದು. ಮಿಠಾಯಿ, ತಂಪು ಪಾನೀಯ ಮಾತ್ರ ಕೂಡದು. ಒಮ್ಮೆ ತಪ್ಪಿದರೂ ವಿನಾಯಿತಿ ರದ್ದು. ಅಂದು ಇಡೀ ಕ್ಯಾಂಪು ಗಂಜಿ ಉಂಡು, ಸ್ವರಾಜ್ಯ ಸಿಕ್ಕವರಂತೆ ಮಲಗಿತು.

ಒಂದು ಮಧ್ಯಾಹ್ನ ನಮ್ಮ ಮುದಿ ಡ್ರೈವರ್ ಬಿಸಿಲಿಗೆ ತಲೆಸುತ್ತಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಸಾಹೇಬರು ಕಿತ್ತಳೆ ಪಾನೀಯದ ಬಾಟಲಿ ತೆರೆದು ಕುಡಿಸಿದರು. ಧರ್ಮಕ್ಕೆ ಕುಡಿದು ಗೊತ್ತಿಲ್ಲದ ಆತ ಹಠ ಹಿಡಿದು ಕೂಪನ್ ಕೊಟ್ಟ, ಅವರು ತೆಗೆದುಕೊಂಡರು. ಗಿರಾಕಿಗಳನ್ನು ಕಳೆದುಕೊಂಡಿದ್ದ ಮೆಸ್ಸಿನ ಗುತ್ತಿಗೆದಾರನಿಗೆ ಅಷ್ಟು ಸಾಕಿತ್ತು. ಅವನ ದೂರಿನ ಮೇಲೆ ವಿಚಾರಣೆಯ ಅಧಿಕಾರಿ ಹೊರಟು ಬರುವ ಹೊತ್ತಿಗೆ ರಂಜಾನ್ ಶುರುವಾಗಿತ್ತು.

ಫೋರ್‌ಮನ್ ಅಂಗಡಿಗೆ ಓಡಿದರು, ನಾವೂ ಹಿಂದೆಯೇ.

"ಸಾಯ್ಬರೇ, ಪುಕ್ಕಟೆ ಕೊಟ್ಟದ್ದು ಅಂತ ಹೇಳಿಬಿಡಿ. ಮುಗೀತಲ್ಲ ಮಾರಾಯ್ರೆ."

"ಕೂಪನ್ ತಗೊಂಡಿದ್ದೇನಲ್ಲ."

"ಅದು ಯಾರಿಗೆ ಗೊತ್ತುಂಟು?"

"ಮಾಡದ ದಾನವನ್ನು ಮಾಡಿದೆ ಅಂತ ಹೇಳುವುದಾ? ಅದೂ ಉಪವಾಸದಲ್ಲಿ?"

ಅಧಿಕಾರಿ ಕೇಳಿದ, ಸಾಹೇಬರು ಇದ್ದದ್ದನ್ನು ಹೇಳಿದರು, ವಿನಾಯಿತಿ ಸ್ವರ್ಗಸ್ಥವಾಯಿತು. ನಾವು ಸತ್ಯವನ್ನು ತಾತ್ವಿಕವಾಗಿ ಗೌರವಿಸುವವರೇ. ಆದರೆ ತಟ್ಟೆಯಲ್ಲಿ ಮತ್ತೆ ಬೆಳ್ತಿಗೆ ಅನ್ನ ಬಿದ್ದಿತ್ತು. ಕ್ಯಾಂಪಿನವರಾರೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹಬ್ಬಕ್ಕೆ ಅವರು ಒಂದು ಮೂಟೆ ಕುಚ್ಚಲಕ್ಕಿ ಕಳಿಸಿದರು, ಈ ಸಲ ನಿಜಕ್ಕೂ ಪುಕ್ಕಟೆ. ಫೋರ್‌ಮನ್ ಅದನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದರು. ನಾವು ನೋಡುತ್ತ ನಿಂತಿದ್ದೆವು... ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚಿತು.

ಮೊನ್ನೆ ಭಟ್ಕಳಕ್ಕೆ ಹೋಗಿ ವಿಚಾರಿಸಿದೆ. ಸಾಹೇಬರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು ಚಹಾ ಕೊಟ್ಟಳು. ಗಲ್ಫಿನಿಂದ ಬಂದವರನ್ನೆಲ್ಲ ಅಪ್ಪ ಒಂದೇ ಮಾತು ಕೇಳುತ್ತಿದ್ದರಂತೆ, ಕ್ಯಾಂಪಿನವರ ಸಿಟ್ಟು ಇಳಿಯಿತೋ ಎಂದು.

ಇಳಿದು ಎಷ್ಟೋ ವರ್ಷವಾಯಿತು, ಎಂದೆ.

"ಹಾಗಾದ್ರೆ ಯಾರಾದ್ರೂ ಬಂದು ಒಂದು ಮಾತು ಹೇಳಬಹುದಿತ್ತು," ಎಂದಳು.