ಚೆಂಡು ಕೇಳದೆ ಹೋದವರು

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಹಳೆಯ ಸೂಟ್‌ಕೇಸು ತೆರೆದರೆ ಕಮಟು ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಬೇಸ್‌ಬಾಲಿನ ಚರ್ಮದ ಗ್ಲೌಸು. ಸೌದಿಯ ದಹ್ರಾನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರದು. ಉಡುಪಿ ಕಡೆಯವರು; ತಲೆನೋವಿಗೂ ಕಿರುಗುಟ್ಟುವ ಬಾಗಿಲಿಗೂ ಅವರಲ್ಲಿ ಕೊಬ್ಬರಿ ಎಣ್ಣೆಯೊಂದೇ ಮದ್ದು. ಚರ್ಮ ಮೆತ್ತಗಾಗಲಿ ಎಂದು ಗ್ಲೌಸಿಗೂ ಧಾರಾಳವಾಗಿ ಹಚ್ಚಿದರು. ಗಾಳಿ ಬೀಸಿದ್ದೇ ತಡ, ಮರಳು ಮೆತ್ತಿಕೊಂಡು ಗ್ಲೌಸು ಎಳ್ಳುಂಡೆಯಂತಾಯಿತು. ನಮ್ಮ ಬೇಸ್‌ಬಾಲ್ ತಂಡವೆಲ್ಲ ನಕ್ಕಿತು, ಅವರೂ ನಕ್ಕರು.

ತೊಂಬತ್ತರ ದಶಕದ ಮಾತು. ನಮ್ಮ ಕ್ಯಾಂಪಿನ ಹತ್ತಿರ ಅಮೆರಿಕದವರು ಮಾಡಿಕೊಂಡಿದ್ದ ಮೈದಾನವಿತ್ತು. ಶುಕ್ರವಾರ ಬಿಸಿಲೇರುವ ಮೊದಲು ಆಟ. ಪಕ್ಕದ ಮನೆಯ ಇವರೇ ನಮ್ಮ ತಂಡದ ನಾಯಕರು. ಮೈಸೂರಿನ ಗಲ್ಲಿ ಕ್ರಿಕೆಟ್ಟಿನಿಂದ ಬಂದ ನನಗೆ ಚೆಂಡು ಎಸೆಯುವ ಕೆಲಸ. ಈ ಆಟದಲ್ಲಿ ಎಸೆತ ಶುರುಮಾಡಿದವನು ಕೊಂಚ ಸೋತನೆಂದರೆ ಸಾಕು, ನಾಯಕ ಬಂದು ಅಂಗೈ ಚಾಚುತ್ತಾನೆ. ಚೆಂಡನ್ನು ಆ ಕೈಗಿಟ್ಟು ಹೊರನಡೆಯಬೇಕು. ದಣಿಯದ ಇನ್ನೊಬ್ಬ ಬರುತ್ತಾನೆ.

ಒಂದು ಶುಕ್ರವಾರ ಇನ್ನೇನು ಗೆದ್ದೆವು ಎನ್ನುವಾಗ ನನ್ನ ಭುಜ ಎತ್ತಲಾಗದೆ ಹೋಯಿತು. ಎದುರಾಳಿಗಳು ಮೇಲಿಂದ ಮೇಲೆ ಹೊಡೆಯತೊಡಗಿದರು. ಅವನನ್ನು ಬದಲಿಸಿ ಎಂದು ನಮ್ಮವರೇ ಕೂಗಿದರು. ನಾಯಕರು ನಿಧಾನವಾಗಿ ನಡೆದು ಬಂದರು. ನಾನೇ ಚೆಂಡು ಚಾಚಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಎಂತ, ಸುಸ್ತಾಯ್ತಾ ಮಾರಾಯ?”

“ಆಗಿದೆ ಸಾರ್.”

“ಸುಸ್ತು ಎಲ್ಲರಿಗೂ ಆಗ್ತದೆ. ಶುರು ಮಾಡಿದ್ದು ನೀನು. ಮುಗಿಸ್ತೀಯಾ?”

ಮುಗಿಸುತ್ತೇನೆ ಎಂದೆ. ಅವರು ಬಂದ ಹಾಗೆಯೇ ತಿರುಗಿ ಹೋದರು. ಆಟ ಸೋತೆವು, ಅದು ಬೇರೆ ಮಾತು... ಕೊನೆಯ ಎಸೆತದವರೆಗೂ ಚೆಂಡು ನನ್ನ ಕೈಯಲ್ಲೇ ಇತ್ತು. ಬೈಗುಳವನ್ನೆಲ್ಲ ಅವರು ತಿಂದರು.

ನಾವಿಬ್ಬರೂ ಒಂದು ಸಣ್ಣ ಗುತ್ತಿಗೆ ಕಂಪನಿಯಲ್ಲಿದ್ದೆವು. ಅಲ್ಲಿ ಹೊಸ ಘಟಕವೊಂದನ್ನು ಅಡಿಪಾಯದಿಂದ ಎಬ್ಬಿಸಿದವರು ಅವರು. ಅದು ಚಾಲೂ ಆಗುವುದನ್ನು ಕಣ್ಣಾರೆ ಕಂಡು ಊರಿಗೆ ಹೋಗಬೇಕು, ಅಷ್ಟೇ ಆಸೆ. ಅದಕ್ಕೆ ಇನ್ನು ಕೆಲವೇ ವಾರಗಳಿರುವಾಗ ಕಂಪನಿಯವರು ಅವರ ಕರಾರು ಮುಗಿಸಿಬಿಟ್ಟರು. ವಯಸ್ಸಾಯಿತಂತೆ! ಅವರ ಕುರ್ಚಿಗೆ ಬೇರೊಬ್ಬ ಬಂದ. ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರಿಗೆ ಸಿಟ್ಟು ಬರಲಿಲ್ಲ, ದಣಿದಿದ್ದರು ಅಷ್ಟೇ.

ಅಲ್ಲಿನ ವಾಸದ ಪರವಾನಗಿ ಇಕಾಮಾವನ್ನು ಒಪ್ಪಿಸಿ ಹೊರಟ ದಿನ ಟ್ಯಾಕ್ಸಿಯ ಬಳಿ ಈ ಗ್ಲೌಸನ್ನು ನನ್ನ ಕೈಗಿತ್ತರು. “ಆಟದಲ್ಲಾದ್ರೂ ಒಬ್ಬ ಹತ್ರ ಬಂದು ಕೈ ಚಾಚ್ತಾನೆ ಮಾರಾಯ. ನನ್ನ ಹತ್ರ ಯಾರೂ ಬರ್ಲೇ ಇಲ್ಲ” ಎಂದರು.

ಹೋದ ವರ್ಷ ಅವರು ತೀರಿಕೊಂಡರೆಂದು ಅವರ ಮಗಳು ಫೋನು ಮಾಡಿದ್ದಳು. ಆ ಘಟಕ ಚೆನ್ನಾಗಿ ನಡೆಯಿತೇ ಎಂದು ಕೊನೆಯವರೆಗೂ ಕೇಳುತ್ತಿದ್ದರಂತೆ.

ಗ್ಲೌಸಿನೊಳಗೆ ಕೈ ತೂರಿಸಿದೆ. ಚರ್ಮ ಗಟ್ಟಿಯಾಗಿದೆ, ನನ್ನ ಬೆರಳೂ ಬಾಗುವುದಿಲ್ಲ. “ಅದನ್ನೂ ಗುಜರಿಗೆ ಹಾಕೋದಾ?” ಎಂದಳು ಹೆಂಡತಿ. ಬೇಡ ಎಂದೆ. ಇನ್ನೂ ಅರ್ಧ ಮನೆಯ ಸಾಮಾನು ಕಟ್ಟುವುದಿದೆ, ನನಗೆ ನಿಜಕ್ಕೂ ಸುಸ್ತಾಗಿದೆ. ಸುಸ್ತಾಯ್ತಾ ಎಂದು ಕೇಳಿ, ಚೆಂಡು ಕೇಳದೆ ತಿರುಗಿ ಹೋಗುವವರು ಮಾತ್ರ ಈಗ ಇಲ್ಲ.