ಕೋಮಲಾ ಬರೆದ ಮೊಗ್ಗಿನ ಅರ್ಜಿ

ಹಡಗಲಿ ಕೋರ್ಟಿನಲ್ಲಿ ಕಿರಿಯ ವಕೀಲೆ ಕೋಮಲಾ ತಾನೇ ಹಿಡಿದ ಮೊದಲ ದಾವೆ ಮೈಲಮ್ಮನದು. ಮೈಲಮ್ಮನ ಮಲ್ಲಿಗೆ ತೋಟದಿಂದ ಬಸ್ಸಿನ ರಸ್ತೆಗೆ ಅತ್ತೆಯ ಕಾಲದಿಂದಲೂ ಇದ್ದ ಕಾಲುದಾರಿಗೆ ಪಕ್ಕದ ಹೊಲದಲ್ಲಿ ತಾನೂ ಒಮ್ಮೆ ಮಲ್ಲಿಗೆ ಬೆಳೆದಿದ್ದ ಗುರುಸಂಗಪ್ಪ ಜಾಲಿಮುಳ್ಳಿನ ಬೇಲಿ ಬಡಿದಿದ್ದ. ದಾರಿ ಬಿಡಿಸದಿದ್ದರೆ ತೋಟ ಕಿತ್ತು ಜೋಳ ಬಿತ್ತುವುದೊಂದೇ ಉಳಿದದ್ದು.

ಮೊದಲ ಅರ್ಜಿಯಲ್ಲಿ ಕೋಮಲಾ ಕಾನೂನಿನ ಕಲಮುಗಳನ್ನು ಕಟ್ಟಿಗೆ ಹೊರೆಯಂತೆ ಒಟ್ಟಿದ್ದಳು. ‘ತುಂಬಿಕೊಡಲಾಗದ ನಷ್ಟ’ ಎಂದು ಮತ್ತೆ ಮತ್ತೆ ಬರೆದಿದ್ದಳು. ಎಂಥ ನಷ್ಟವೆಂದು ಎಲ್ಲಿಯೂ ಬರೆದಿರಲಿಲ್ಲ. ನ್ಯಾಯಾಧೀಶರು, “ಕೆರೆ ಏರಿ ಮೇಲೆ ಬೇರೆ ದಾರಿ ಇದೆಯಲ್ಲಮ್ಮಾ?” ಎಂದರು. ಕೋಮಲಾ ಅರ್ಜಿಯ ಹಾಳೆ ತಿರುವಿದಳು; ಏರಿಯ ಮಾತೇ ಅದರಲ್ಲಿರಲಿಲ್ಲ. ವಿವರ ಬರೆದು ತನ್ನಿ ಎಂದು ನ್ಯಾಯಾಧೀಶರು ವಿಚಾರಣೆ ಮುಂದಕ್ಕೆ ಹಾಕಿದರು.

ಮರುದಿನ ನಸುಕಿನಲ್ಲೇ ಅವಳು ತೋಟಕ್ಕೆ ಹೋದಳು. ಮೊಗ್ಗು ಬಿಡಿಸಿದಳು, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಏರಿ ಸುತ್ತಿದಳು. ರಸ್ತೆ ಮುಟ್ಟುವಷ್ಟರಲ್ಲಿ ದಾವಣಗೆರೆಯ ಮೊದಲ ಬಸ್ಸು ಹೋಗಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ತಲುಪಿ ಬಟ್ಟೆ ಎತ್ತಿದರೆ ಬುಟ್ಟಿಯ ಮೊಗ್ಗೆಲ್ಲ ಅರಳಿ ಬಾಯಿ ಬಿಟ್ಟಿತ್ತು. ಮಾಲೆ ಕಟ್ಟುವವರು ಮುಟ್ಟಲಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಬರೆದು ಮೈಲಮ್ಮನಿಗೆ ಓದಿ ಹೇಳಿದಳು.

“ನಾ ಏರಿ ಮ್ಯಾಲಿಂದ ಬಿದ್ದೆ ಅಂತನೂ ಬರಿಯವ್ವಾ,” ಎಂದಳು ಮೈಲಮ್ಮ.

“ಬಿದ್ದಿಲ್ಲಲ್ಲಬೇ?”

“ಬೇಕಂದ್ರ ನಾಳಿಗೆ ಬೀಳ್ತೀನಿ!”

“ಒಂದು ಸುಳ್ಳು ಸೇರಿದ್ರ ಬುಟ್ಟೀನೇ ಕೊಳೀತೈತಿ, ಸುಮ್ಕಿರು.”

ಹಿರಿಯ ವಕೀಲ ಹಂಪೇಶ್ ಕಾಗದ ನೋಡಿ ನಕ್ಕ. “ಏನವ್ವಾ, ಕೋರ್ಟಿಗೆ ಕಥಿ ಹೇಳಾಕ ಹೊಂಟೀಯಾ?”

“ಹೌದ್ರಿ. ಕಲಮು ಕೆಳಗೈತಿ, ಕಥಿ ಮ್ಯಾಲೈತಿ.”

ವಿಚಾರಣೆಯ ದಿನ ನ್ಯಾಯಾಧೀಶರು ಓದುತ್ತ ಓದುತ್ತ ಹಿಂದಿನ ಹಾಳೆಗೆ ಮರಳಿದರು. ತಲೆ ಎತ್ತಿ ಗುರುಸಂಗಪ್ಪನನ್ನೇ ಕೇಳಿದರು: “ನೀವೂ ಮಲ್ಲಿಗೆ ಬೆಳೆದವರಲ್ಲವೇ? ಅರಳಿದ ಹೂವನ್ನು ಮಾಲೆಗೆ ಕೊಳ್ಳುತ್ತಾರೆಯೇ?”

“ಯಾರು ತಗೊಂತಾರ್ರೀ ಸ್ವಾಮಿ, ಕಟ್ಟೋವಾಗ್ಲೇ ಎಸಳು ಉದುರ್ತಾವು,” ಎಂದುಬಿಟ್ಟ ಗುರುಸಂಗಪ್ಪ. ಅವನ ವಕೀಲ ಅಂಗಿ ಜಗ್ಗುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು.

ಬೇಲಿ ತೆಗೆದು ದಾವೆ ಮುಗಿಯುವವರೆಗೆ ದಾರಿ ಬಿಡಬೇಕೆಂದು ಅಂದೇ ಆದೇಶವಾಯಿತು. ಕೋರ್ಟಿನ ಮೆಟ್ಟಿಲಲ್ಲಿ ಮೈಲಮ್ಮ ಕೋಮಲಾಳ ಎರಡೂ ಕೆನ್ನೆ ನೀವಿ ಲಟಿಕೆ ಮುರಿದಳು.

ಮರುದಿನ ನಸುಕಿನಲ್ಲಿ ಗುರುಸಂಗಪ್ಪ ತಾನೇ ಮುಳ್ಳು ಎಳೆಯುತ್ತಿದ್ದ. ಬುಟ್ಟಿ ಹೊತ್ತ ಮೈಲಮ್ಮ ದೂರದಿಂದಲೇ ಕೂಗಿದಳು: “ಲಗೂನ ಎಳಿಯಪೋ ದೊರೀ, ಬಸ್ಸು ನಿನ್ನ ಬ್ಯಾಲಿ ಕಾಯಂಗಿಲ್ಲ!”

ಅಂದು ಮೊದಲ ಬಸ್ಸಿನಲ್ಲಿ ಹೋದದ್ದು ಮೊಗ್ಗು. ಮಾಲೆ ಕಟ್ಟುವವರ ಕೈ ಸೇರಿದ್ದೂ ಮೊಗ್ಗೇ.